ದುಡ್ಡು ಯಾವ ದಾರಿ ಹಿಡಿಯಿತು ಅಂತ ಆ್ಯಪ್ ಹೇಳಲಿ

ಸಂಪಾದಕರೇ,

ಕಳೆದ ವಾರ ತಂಗಿಗೆ ಆಸ್ಪತ್ರೆ ಬಿಲ್ ಕಟ್ಟಲು ಬ್ಯಾಂಕಿನ ಆ್ಯಪ್‌ನಿಂದ ದುಡ್ಡು ಕಳಿಸಿದೆ. ನನ್ನ ಖಾತೆಯಿಂದ ಕೂಡಲೇ ಕಡಿತವಾಯಿತು, ಅವಳಿಗೆ ಮಾತ್ರ ಮುಕ್ಕಾಲು ಗಂಟೆ ಬರಲಿಲ್ಲ. ಅಷ್ಟೂ ಹೊತ್ತು ಅವಳು ಕೌಂಟರ್ ಮುಂದೆ ನಿಂತಿದ್ದಳು. ಹಿಂದಿನ ದಿನ ತಮ್ಮನಿಗೆ ಕಳಿಸಿದ್ದು ಕ್ಷಣದಲ್ಲಿ ಮುಟ್ಟಿತ್ತು!

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ತಮ್ಮನ ಖಾತೆ ನನ್ನ ಬ್ಯಾಂಕಿನಲ್ಲೇ ಇದೆ. ಹಾಗಾಗಿ ಬ್ಯಾಂಕಿನ ಸಾಫ್ಟ್‌ವೇರ್ ತನ್ನ ಲೆಕ್ಕದಲ್ಲೇ ಇಲ್ಲಿ ಕಳೆದು ಅಲ್ಲಿ ಕೂಡಿಸಿತು, ಹಣ ಹೊರಗೆ ಹೋಗಲೇ ಇಲ್ಲ. ತಂಗಿಯದು ಬೇರೆ ಬ್ಯಾಂಕ್. ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿ ಕೋಡ್‌ನ ಮೊದಲ ನಾಲ್ಕು ಅಕ್ಷರ ಬ್ಯಾಂಕ್ ಯಾವುದೆಂದು ಹೇಳುತ್ತವೆ, ಅದು ಬೇರೆಯಾದರೆ ದುಡ್ಡು ನೆಫ್ಟ್, ಐಎಂಪಿಎಸ್, ಆರ್‌ಟಿಜಿಎಸ್‌ನಂಥ, ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಸಾಗಿಸುವ ವ್ಯವಸ್ಥೆಯ ಮೂಲಕವೇ ಹೋಗಬೇಕು. ಐಎಂಪಿಎಸ್ ಆದರೆ ಆಗಲೇ ತಲುಪುತ್ತದೆ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಬೇಕು. ನೆಫ್ಟ್ 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತಿದೆ ನಿಜ, ಆದರೆ ಬಂದ ಪಾವತಿಗಳನ್ನೆಲ್ಲ ಒಟ್ಟುಗೂಡಿಸಿ ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಸಲ, ಮತ್ತು ಆ ಕಂತು ಮುಗಿದ ಮೇಲೂ ಜಮಾ ಮಾಡಲು ಬ್ಯಾಂಕಿಗೆ 2 ಗಂಟೆ ಸಮಯವಿದೆ.

ನನ್ನದು ನೆಫ್ಟ್‌ನಲ್ಲಿ ಹೋಗಿತ್ತು. ಆ್ಯಪ್ ತಾನೇ ಆರಿಸಿತ್ತು, ನನ್ನನ್ನು ಕೇಳಲಿಲ್ಲ. 'ಯಶಸ್ವಿ' ಅಂತ ಹಸಿರು ಗುರುತು ಬೇರೆ! ಅದನ್ನು ನೋಡಿದವರು ದುಡ್ಡು ತಲುಪಿತು ಅಂತಲೇ ತಿಳಿಯುತ್ತಾರೆ, ಅಲ್ವಾ?

ಹಣ ಕಳಿಸುವ ಮೊದಲೇ ಯಾವ ದಾರಿ, ಎಷ್ಟು ಹೊತ್ತು ಅಂತ ಕನ್ನಡದಲ್ಲಿ ಒಂದು ಸಾಲು ತೋರಿಸಲಿ. ಎಲ್ಲ ಬ್ಯಾಂಕ್‌ಗಳಿಗೂ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಬೇಕು.

– ಒಬ್ಬ ಓದುಗ, ಶಿವಮೊಗ್ಗ