ಸ್ಪಂಜು ಅಂದ್ರೆ ಪಾತ್ರೆ ತಿಕ್ಕೋದಲ್ಲ ಅವ್ವ

ಟೌನ್ಸ್‌ವಿಲ್, ಆಸ್ಟ್ರೇಲಿಯಾ
ಭಾನುವಾರ ರಾತ್ರಿ

ಅವ್ವ, ಅಪ್ಪಾಜಿ,

ಹೆಂಗಿದೀರಾ, ನಾನು ಆರಾಮ್ ಇದೀನಿ. ಮೊನ್ನೆ ಫೋನಲ್ಲಿ "ಪಾತ್ರೆ ತಿಕ್ಕೋ ಸ್ಪಂಜ್ ಓದಕ್ಕೆ ದಾವಣಗೆರೆ ಬಿಟ್ಟು ಅಷ್ಟು ದೂರ ಹೋಗ್ಬೇಕಿತ್ತಾ" ಅಂದ್ಯಲ್ಲ ಅವ್ವ, ಉತ್ರ ಹೇಳೋದ್ರೊಳಗೆ ನೆಟ್‌ವರ್ಕ್ ಹೋಯ್ತು, ಅದಕ್ಕೇ ಬರೀತಿದೀನಿ, ಅಪ್ಪಾಜಿ ಓದಿ ಹೇಳ್ಲಿ.

ನಾನು ಹೇಳೋ ಸ್ಪಂಜು ಪ್ರಾಣಿ ಕಣವ್ವ. ಕಣ್ಣಿಲ್ಲ, ಬಾಯಿಲ್ಲ, ಹೊಟ್ಟೆನೂ ಇಲ್ಲ, ಸಮುದ್ರದ ತಳದಲ್ಲಿ ಬಂಡೆಗೆ ಅಂಟ್ಕೊಂಡು ಮೈತುಂಬ ಇರೋ ತೂತಲ್ಲಿ ಹಗಲು ರಾತ್ರಿ ನೀರು ಸೋಸ್ತಾ ಕೂತಿರುತ್ತೆ. ಬಂದ ಹೊಸದ್ರಲ್ಲಿ ಒಂದರ ಬುಡದ ಹತ್ರ ಸಿರಿಂಜಲ್ಲಿ ಹಸಿರು ಬಣ್ಣ ಬಿಟ್ಟು ತೋರ್ಸಿದ್ರು, ಸ್ವಲ್ಪ ಹೊತ್ತಿಗೆ ಮೇಲಿನ ದೊಡ್ಡ ತೂತಿಂದ ಬಣ್ಣ ಬುಸಬುಸ ಅಂತ ಬಂತು, ನಮ್ಮೂರ ಹತ್ತಿ ಮಿಲ್ ಚಿಮಣಿ ಹೊಗೆ ಥರ. ಅಲ್ಲೀವರೆಗೂ ಇದಕ್ಕೆ ಜೀವ ಐತೆ ಅಂತ ನಂಗೇ ನಂಬಿಕೆ ಇರ್ಲಿಲ್ಲ.

ನಾನು ಓದ್ತಿರೋದು ಅದನ್ನೂ ಅಲ್ಲ ಬಿಡು, ಅದರೊಳಗೆ ಬಾಡಿಗೆಗಿರೋ ಬ್ಯಾಕ್ಟೀರಿಯಾನ. ಕೆಲವು ಜಾತಿ ಸ್ಪಂಜಲ್ಲಿ ಒಟ್ಟು ತೂಕದ 35-40%ವರೆಗೂ ಇವೇ ಇರ್ತಾವೆ, ಒಂದು ಗ್ರಾಂ ತುಂಡಲ್ಲಿ ನೂರಾರು ಕೋಟಿ, ಅಜ್ಜಿ ಮನೆ ವಠಾರ ಇದರ ಮುಂದೆ ಏನೂ ಅಲ್ಲ. ಸ್ಪಂಜು ಬಿಡೋ ಅಮೋನಿಯಾ ಅನ್ನೋ ಗಲೀಜನ್ನ ಕೆಲವು ನೈಟ್ರೇಟ್ ಮಾಡಿ ಮನೆ ಕ್ಲೀನ್ ಇಡ್ತಾವೆ, ಇನ್ನು ಕೆಲವು ಬಿಸಿಲಲ್ಲಿ ಗಿಡದ ಥರ ಅಡುಗೆ ಮಾಡಿ ಓನರ್ರಿಗೂ ಬಡಿಸ್ತಾವೆ. ತಾಯಿ ಸ್ಪಂಜು ಮರಿ ಹೊರಗೆ ಬಿಡೋವಾಗ ಕೆಲವನ್ನ ಜೊತೇಲೇ ಕಳಿಸುತ್ತೆ, ನೀನು ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೊಟ್ಟಂಗೆ.

ಅಪ್ಪಾಜಿ, ದೊಡ್ಡಪ್ಪಂಗೆ ಬ್ಲಡ್ ಕ್ಯಾನ್ಸರ್ ಆದಾಗ ಚೀಟಿ ಹಿಡ್ಕೊಂಡು ಮೆಡಿಕಲ್ ಶಾಪ್ ಸುತ್ತಿದ್ರಲ್ಲ, ಸೈಟರಾಬಿನ್ ಅಂತ? 1950ರ ಆಸುಪಾಸಲ್ಲಿ ಕೆರಿಬಿಯನ್ ಸಮುದ್ರದ ಸ್ಪಂಜಲ್ಲಿ ಸಿಕ್ಕ ಕೆಮಿಕಲ್ ನೋಡ್ಕೊಂಡೇ ಆಮೇಲೆ ಅದನ್ನ ಲ್ಯಾಬಲ್ಲಿ ಮಾಡಿದ್ದು, 1969ರಲ್ಲಿ ಅಮೆರಿಕದಲ್ಲಿ ಪರ್ಮಿಷನ್ ಸಿಕ್ತು. ಥಿಯೊನೆಲ್ಲಾ ಅಂತ ಇನ್ನೊಂದು ಸ್ಪಂಜು ಐತೆ, ಅದರಲ್ಲಿ ಸಿಗೋ ಔಷಧಿ ಥರದ ಕೆಮಿಕಲ್ ಬಹುಪಾಲು ಅದು ಮಾಡೋದೇ ಅಲ್ಲ, ಒಳಗಿರೋ ಎಂಟೊಥಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮಾಡೋದು ಅಂತ 2014ರಲ್ಲಿ ಹೊರಗೆ ಬಂತು. ಬೆಣ್ಣೆ ದೋಸೆಲಿ ಹೆಸರೆಲ್ಲ ಹಂಚಿನ ಮುಂದೆ ನಿಂತೋನಿಗೆ, ರಾತ್ರಿಯೆಲ್ಲ ಹಿಟ್ಟು ಹುಳಿ ಬರ್ಸಿದೋರನ್ನ ಯಾರು ಕೇಳ್ತಾರೆ.

ಹೋದ ವಾರ ಒಂದು ಎಡವಟ್ಟಾಯ್ತು. ಇಲ್ಲಿನ ಹವಳದ ದಿಬ್ಬದಲ್ಲಿ ರೊಪಲೊಯಿಡಿಸ್ ಅಂತ ಒಂದು ಜಾತಿ, 31 ಡಿಗ್ರಿ ನೀರಲ್ಲಿ ಆರಾಮಾಗಿರುತ್ತೆ, 33 ಆದ್ರೆ ಒಂದೇ ದಿನಕ್ಕೆ ಬಹುಪಾಲು ಬಾಡಿಗೆದಾರರು ಖಾಲಿ, ಮೂರು ದಿನಕ್ಕೆ ಮನೆನೂ ಕೊಳೆಯುತ್ತೆ, 2008ರಲ್ಲೇ ಇದನ್ನ ಬರೆದಿಟ್ಟಿದಾರೆ. ನಾನು ಶನಿವಾರ ಲ್ಯಾಬಲ್ಲಿ ಇವನ್ನಿಟ್ಟಿರೋ ತೊಟ್ಟಿ ಹೀಟರ್ ಚೆಕ್ ಮಾಡದೇನೇ ರೂಮಿಗೆ ಬಂದೆ. ಸೋಮವಾರ ಹೋಗಿ ನೋಡಿದ್ರೆ ಒಂದು ಕರ್ರಗಾಗಿ ಮುಟ್ಟಿದ್ರೆ ಲೊಳಲೊಳ, ಮೇಲೆ ಬಿಳಿ ಲೋಳೆ, ಚರಂಡಿ ಕಟ್ಕೊಂಡಂಗೆ ವಾಸನೆ, ಮೂರು ಸಲ ಸೋಪ್ ಹಾಕಿದ್ರೂ ಕೈ ಬಿಡ್ಲಿಲ್ಲ. ಎರಡೇ ಡಿಗ್ರಿ ಅವ್ವ! ನಾವು ಏಪ್ರಿಲಲ್ಲಿ 40 ಡಿಗ್ರಿಲಿ ಬೆವರು ಒರೆಸ್ಕೊಂತ ಮಂಡಕ್ಕಿ ಮೆಣಸಿನಕಾಯಿ ತಿಂತೀವಿ. ಮೇಡಂ ಬೈಯ್ತಾರೆ ಅನ್ಕೊಂಡಿದ್ದೆ, ಸತ್ತದ್ದನ್ನೂ ಸ್ಯಾಂಪಲ್ ತಗೊಂಡು ಫ್ರೀಜರಲ್ಲಿಡು ಅಂದ್ರು ಅಷ್ಟೆ.

ಆಮೇಲೆ ಅವ್ವ, ಪಾರ್ಸೆಲ್ ಜೊತೆ ಮೈ ತಿಕ್ಕೋ ಹೀರೆಕಾಯಿ ನಾರು ಹಾಕ್ತೀನಿ ಅಂದಿದ್ಯಲ್ಲ, ಹಾಕ್ಬೇಡ, ಇಲ್ಲಿ ಗಿಡದ ಸಾಮಾನು ಅಂದ್ರೆ ಬಿಚ್ಚಿ ನೋಡಿ ನೂರೆಂಟು ಕೇಳ್ತಾರೆ. ಅಪ್ಪಾಜಿ ಬಿಪಿ ಮಾತ್ರೆ ತಪ್ಪಿಸ್ಬೇಡಿ.

ನಿಮ್ಮ ಪುಟ್ಟಿ