ಕಾನಿನ ದುಡ್ಡಿನ ಬಗ್ಗೆ ಮಗಳಿಗೊಂದು ಪತ್ರ

ಕೂಸೇ,

ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಾನನ್ನು, ಅಂದರೆ ಅಜ್ಜನ ಕಾಲದಿಂದ ಬಂದ ಆ ಕಾಡನ್ನು, ಟ್ರಸ್ಟಿಗೆ ದಾನ ಕೊಡೋಕೆ ನಿನ್ನ ತಕರಾರಿಲ್ಲ, ನನಗೆ ಗೊತ್ತು. ನಿನ್ನ ಸಿಟ್ಟೆಲ್ಲ ಶಿರಸಿಯ ಸೈಟು ಮಾರಿ ಕಾನಿನ ಖರ್ಚಿಗೆ ಅಂತ ಟ್ರಸ್ಟಿಗೇ ಇಡುತ್ತಿರುವ 25 ಲಕ್ಷದ ಮೇಲೆ. "ಕಾಡು ತಾನಾಗಿ ಬೆಳೆಯುತ್ತೆ, ಅದಕ್ಕೆ ದುಡ್ಡು ಯಾಕೆ?" ಅಂದೆಯಲ್ಲ, ಆ ಒಂದು ಮಾತಿಗೆ ಉತ್ತರ ಹೇಳುತ್ತೇನೆ. ಉಳಿದದ್ದು ಬಿಡು.

ಕೆಳಗಿನ ಕೇರಿಯವರ ಜಡ್ಡಿ ನೀನು ನೋಡಿಲ್ಲ. ನಮ್ಮದರ ಹಾಗೇ ರಾಮಪತ್ರೆ ಮರಗಳ ಜೌಗು ಕಾಡು. ಬೇಸಿಗೆಯಲ್ಲೂ ಆರದ ನೀರು, ಕೆಸರಿನಿಂದ ಮಂಡಿ ಎತ್ತಿದ ಬೇರುಗಳು. ಅದನ್ನು ಯಾರೂ ಕಡಿಯಲಿಲ್ಲ. ಯಜಮಾನರು ತೀರಿಕೊಂಡರು, ಮಕ್ಕಳು ಬೆಂಗಳೂರಿನಲ್ಲಿದ್ದರು, ಯಾರೋ ಮೇಲ್ಗಡೆಯಿಂದಲೇ ಕಾಲುವೆ ತೋಡಿ ತೋಟಕ್ಕೆ ನೀರು ತಿರುಗಿಸಿಕೊಂಡರು. ಅಷ್ಟೇ. ಮೊದಲು ಕೆಸರು ಬಿರುಕು ಬಿಟ್ಟಿತು. ಆಮೇಲೆ ಮರಗಳ ತುದಿ ಒಣಗಿತು. ನಾನು ಆ ದಾರಿಯಲ್ಲಿ ಹೋದಾಗೆಲ್ಲ ಇನ್ನೊಂದು ಮರ ನಿಂತಲ್ಲೇ ಸತ್ತಿರುತ್ತಿತ್ತು. ಆ ಕಾಲುವೆ ಮುಚ್ಚೋಕೆ ಒಬ್ಬ ಆಳು, ಒಂದು ಮಧ್ಯಾಹ್ನ ಸಾಕಿತ್ತು ಕೂಸೇ. ಆ ಆಳಿಗೆ ಕೂಲಿ ಕೊಡುವವರು ಇರಲಿಲ್ಲ, ನೀರು ಕಮ್ಮಿಯಾಗಿದ್ದು ಯಾಕೆ ಅಂತ ಮೇಲೆ ಹೋಗಿ ನೋಡುವವರೂ ಇರಲಿಲ್ಲ. ಮತ್ತೆ ನೆಟ್ಟರಾಯಿತು ಅನ್ನಬೇಡ. ರಾಮಪತ್ರೆ ಬೀಜ ಒಣಗಿದರೆ ಮೊಳೆಯುವುದಿಲ್ಲ, ತೆಗೆದಿಟ್ಟು ಮುಂದಿನ ವರ್ಷ ಬಿತ್ತುವ ಹಾಗಿಲ್ಲ. ಮಂಗಟ್ಟೆಯಂಥ ಹಕ್ಕಿ ನುಂಗಿ ಒಯ್ದು ಬೀಳಿಸಬೇಕು, ಬಿದ್ದ ಕಡೆ ನೆರಳೂ ತೇವವೂ ಇರಬೇಕು. ನಮ್ಮ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಮರವೊಂದಕ್ಕೆ ವಿಜ್ಞಾನಿಗಳು ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ, ಅಷ್ಟು ಅಪರೂಪದ ಜಾಗಗಳಿವು. ಕೆಳಗಿನ ಕೇರಿಯಲ್ಲಿ ಈಗ ಅಡಿಕೆ ಇದೆ. ನನಗೆ ರಾತ್ರಿ ಎಚ್ಚರವಾದರೆ ಆ ಕಾಲುವೆಯೇ ಕಣ್ಣಮುಂದೆ ಬರುತ್ತೆ, ನಾನು ಹೋದ ಮೇಲೆ ನಮ್ಮದಕ್ಕೂ ಯಾರಾದರೂ ಹಾಗೆ ತೋಡಿದರೆ ಅಂತ.

ಕಾನೂನಿದೆ ಅಲ್ವಾ ಅಂತೀಯ. ಇದೆ. ಮಾಲೀಕರೇ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸಮುದಾಯ ಮೀಸಲು ಅಂತ ಘೋಷಿಸಬಹುದು, ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಆಗಿದೆ. ಆಮೇಲೆ ಸರ್ಕಾರದ ಒಪ್ಪಿಗೆಯಿಲ್ಲದೆ ಆ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ನಾವೂ ಅರ್ಜಿ ಹಾಕೋಣ. ಆದರೆ ಕಾಲುವೆ ತೋಡಿದ್ದು ಗೊತ್ತಾಗಬೇಕಾದರೆ ಯಾರಾದರೂ ಅಲ್ಲಿ ನಡೆದಾಡುತ್ತಿರಬೇಕು. ಕೊಡಗಿನಲ್ಲಿ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಶುರು ಮಾಡಿ ಸುಮಾರು 300 ಎಕರೆ ಕಾಡು ಉಳಿಸಿದರು. 2021ರಲ್ಲಿ ಅನಿಲ್ ಮಲ್ಹೋತ್ರಾ ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೊದಲು ಬಂದ ಯೋಚನೆ, ಇನ್ನು ಕಾವಲಿನವರ ಸಂಬಳ ಹೇಗೆ ಅಂತ.

ಆ 25 ಲಕ್ಷವನ್ನು ಯಾರೂ ತಿಂದು ಮುಗಿಸುವುದಿಲ್ಲ. ಬ್ಯಾಂಕಿನಲ್ಲಿ ಇರುತ್ತೆ. ಶೇಕಡಾ 7 ಬಡ್ಡಿ ಅಂದರೆ ವರ್ಷಕ್ಕೆ 1,75,000. ಖರ್ಚಿಗೆ 1 ಲಕ್ಷ, ಉಳಿದದ್ದು ಮತ್ತೆ ಅಸಲಿಗೇ ಸೇರಬೇಕು, ಇಲ್ಲದಿದ್ದರೆ ಕೂಲಿ ಏರುತ್ತಾ ಹೋಗುತ್ತೆ, ಗಂಟು ಅಷ್ಟೇ ಇರುತ್ತೆ. 1 ಲಕ್ಷಕ್ಕೆ ಪೂರ್ತಿ ಹೊತ್ತಿನ ಕಾವಲುಗಾರ ಸಿಗುವುದಿಲ್ಲ. ವಾರಕ್ಕೆ ಕೆಲವು ದಿನ ಸುತ್ತು ಹಾಕಲು ಒಬ್ಬ, ಬೇಸಿಗೆಗೆ ಮೊದಲು ಬೆಂಕಿ ಒಳಗೆ ಹರಡದ ಹಾಗೆ ಬೆಂಕಿ ರೇಖೆ ಸವರಲು ಕೂಲಿ, ಬೇಲಿ, ಇಷ್ಟಾಗುತ್ತೆ. ಹಸು ದಾನ ಕೊಟ್ಟು ಹುಲ್ಲಿಗೆ ದಾರಿ ಮಾಡದಿದ್ದರೆ ಅದೆಂಥ ದಾನ? ಯಾರಿಗೇ ಏನೇ ಕೊಡುವಾಗಲೂ ನೀನು ಇದನ್ನು ಯೋಚನೆ ಮಾಡಬೇಕು, ಬರೀ ಮನಸ್ಸು ಒಳ್ಳೆಯದಿದ್ದರೆ ಸಾಲದು, ಲೆಕ್ಕವೂ ಬೇಕು... ಬಿಡು, ಉಪದೇಶ ಜಾಸ್ತಿಯಾಯಿತು.

ನಿನ್ನ ಮನೆ ಸಾಲಕ್ಕೆ ಆ ದುಡ್ಡು ಆಗುತ್ತಿತ್ತು. ಕ್ಷಮಿಸು. ಯಾರ ಹತ್ತಿರವೂ ಕೈ ಚಾಚದೆ ಓದಿ, ನಿನ್ನ ಕಾಲ ಮೇಲೆ ನಿಂತವಳು ನೀನು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಆದರೂ ಈ ದುಡ್ಡಿನ ವಿಷಯದಲ್ಲಿ ನಾನು ಮನಸ್ಸು ಬದಲಿಸುವುದಿಲ್ಲ.

ಜಮೀನು ಅಜ್ಜನ ಕಾಲದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ನಿನ್ನ ಸಹಿ ಇಲ್ಲದೆ ದಾನಪತ್ರ ಮಾಡುವುದಿಲ್ಲ, ಮಾಡುವುದಕ್ಕೆ ನನಗೆ ಮನಸ್ಸೂ ಇಲ್ಲ. ಟ್ರಸ್ಟಿನಲ್ಲಿ ನಿನಗೊಂದು ಜಾಗ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ಲೆಕ್ಕ ನೋಡಬೇಕು, ಮಳೆ ನಿಂತ ಮೇಲೆ ಬಂದು ನೀರು ಬರುವ ದಾರಿಯುದ್ದಕ್ಕೂ ಒಮ್ಮೆ ನಡೆದು ನೋಡಬೇಕು. ಆಗಲ್ಲ ಅಂದರೆ ಈಗಲೇ ಹೇಳು, ಬೇರೆಯವರನ್ನು ಹುಡುಕೋಕೆ ನನಗೆ ಸಮಯ ಬೇಕು.

ಟ್ರಸ್ಟ್ ಡೀಡಿನ ಕರಡು ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ಅಸಲು ಮುಟ್ಟಬಾರದು ಅನ್ನುವ ಕಲಮನ್ನು ಸರಿಯಾಗಿ ಓದು. ಎಲ್ಲಾದರೂ ಸಡಿಲ ಅನ್ನಿಸಿದರೆ ಸೋಮವಾರ ವಕೀಲರು ಬರುವುದರೊಳಗೆ ತಿದ್ದಿ ಕಳಿಸು.

ನಿನ್ನ ಆಯಿ