ಗೂಡಂಗಡಿಯ ನನಾಯ್‌ಗೆ, ಮತ್ತು ಉಳಿದ ಎಲ್ಲರಿಗೆ

ಫಿಲಿಪ್ಪೀನ್ಸ್‌ನಲ್ಲಿ ನಮ್ಮ ಚರ್ಚಿನ ಮಿಷನ್, ಅಂದರೆ ಧರ್ಮಪ್ರಚಾರದ ಸೇವೆ, ಮುಗಿಸಿ ಬೆಂಗಳೂರಿಗೆ ವಾಪಸ್ ಬಂದು ಇವತ್ತಿಗೆ ಮೂರು ವಾರ. ಎಲ್ಲರಿಗೂ ಥ್ಯಾಂಕ್ಸ್ ಹೇಳಿ ನಾಲ್ಕು ಸಾಲು ಬರೆಯಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ, ದಿನಾ ಏನೋ ನೆಪ ಸಿಗುತ್ತದೆ. ಮೊದಲು ನಿದ್ದೆ ಸರಿಹೋಗಲಿ ಅಂದೆ. ಫಿಲಿಪ್ಪೀನ್ಸ್‌ಗೂ ಇಲ್ಲಿಗೂ ಇರುವುದು ಬರೀ ಎರಡೂವರೆ ಗಂಟೆ ವ್ಯತ್ಯಾಸ. ಆ ನೆಪ ಎರಡನೇ ದಿನಕ್ಕೇ ಮುಗಿಯಿತು. ನಿಜ ಏನೆಂದರೆ, ಬರೆಯಲು ಕೂತರೆ ಒಬ್ಬರ ಮುಖವೇ ಎದುರಿಗೆ ಬರುತ್ತದೆ, ಉಳಿದವರೆಲ್ಲ ಹಿಂದೆ ಸರಿಯುತ್ತಾರೆ. ಅದಕ್ಕೆ ಉಳಿದವರನ್ನು ಮೊದಲು ಮುಗಿಸಿಬಿಡುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ, ಅಮ್ಮ, ಖರ್ಚಿಗೆ ಕೈಜೋಡಿಸಿದ ನಮ್ಮ ಚರ್ಚಿನ ಅಂಕಲ್ ಆಂಟಿಯರು, ಮನಿಲಾದ ತರಬೇತಿ ಕೇಂದ್ರದಲ್ಲಿ ನನ್ನ ನಾಲಿಗೆ ತಿದ್ದಿದ ಟೀಚರ್‌ಗಳು, ಜೋಡಿಯಾಗಿ ಸೇವೆ ಮಾಡುತ್ತ ಜಗಳವಾಡಿ ರಾಜಿಯಾದ ಐವರು ಕಂಪಾನಿಯನ್‌ಗಳು, ಆಸ್ಪತ್ರೆಯಲ್ಲಿದ್ದಾಗ ದಿನಕ್ಕೆ ಮೂರು ಸಲ ಫೋನ್ ಮಾಡಿದ ಮಿಷನ್ ಪ್ರೆಸಿಡೆಂಟ್ ಅವರ ಹೆಂಡತಿ, ತಲೆಗೆ ಎಣ್ಣೆ ಹಚ್ಚಿ ಕೈಯಿಟ್ಟು ಪ್ರಾರ್ಥಿಸಲು ಮಳೆಯಲ್ಲಿ ನೆನೆದುಕೊಂಡು ಬಂದ ಇಬ್ಬರು ಎಲ್ಡರ್‌ಗಳು, ಎಲ್ಲರಿಗೂ ಮನಸಾರೆ ವಂದನೆ. ಪುತ್ತೂರಿನ ಅಜ್ಜಿಗೆ ಬೇರೆಯಾಗಿ ಒಂದು. ನಾವು ಮಾರ್ಮನ್ ಆಗಿದ್ದು ಅಜ್ಜಿಗೆ ಇವತ್ತಿಗೂ ಇಷ್ಟವಿಲ್ಲ. ಆದರೂ ಪಾರ್ಸೆಲ್‌ನಲ್ಲಿ ಸಾರಿನ ಪುಡಿ ಮತ್ತು ಒಣಗಿಸಿದ ಪುನರ್ಪುಳಿ ಸಿಪ್ಪೆ ಕಳಿಸಿದ್ದು ಅವಳೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಲ್ಯಾಟರ್-ಡೇ ಸೇಂಟ್ಸ್ ಅನ್ನುವ ಕ್ರೈಸ್ತ ಸಭೆ, ಜನ ಮಾರ್ಮನ್ ಅನ್ನುತ್ತಾರಲ್ಲ, ಅದು. ಹುಡುಗರು ಎರಡು ವರ್ಷ, ಹುಡುಗಿಯರು 18 ತಿಂಗಳು ಮಿಷನ್‌ಗೆ ಹೋಗುತ್ತಾರೆ. ಊರು ನಾವು ಆರಿಸಿಕೊಳ್ಳುವುದಲ್ಲ, ಪತ್ರ ಬರುತ್ತದೆ. ನನಗೆ ಬಂದಿದ್ದು ಇಲೊಯ್ಲೊ. ಫಿಲಿಪ್ಪೀನ್ಸ್‌ನ ಪನಾಯ್ ದ್ವೀಪದಲ್ಲಿದೆ. ಹುಡುಗರನ್ನು ಎಲ್ಡರ್ ಅಂತಲೂ ನಮ್ಮನ್ನು ಸಿಸ್ಟರ್ ಅಂತಲೂ ಕರೆಯುತ್ತಾರೆ. ಎದೆಯ ಮೇಲೆ ಕಪ್ಪು ಪಟ್ಟಿಯಲ್ಲಿ ಸಿಸ್ಟರ್ ಅಂತ ಬರೆದಿದ್ದ ಫೋಟೋ ನೋಡಿ ನಮ್ಮ ಚಿಕ್ಕಮ್ಮ, "ನರ್ಸಿಂಗ್ ಯಾವಾಗ ಸೇರಿದೆ?" ಅಂತ ಕೇಳಿದ್ದರು. ಪಕ್ಕದ ಮನೆಯವರು ನಾನು ಕನ್ಯಾಸ್ತ್ರೀ ಆಗಿಬಿಟ್ಟೆ ಅಂತ ಅಮ್ಮನಿಗೆ ಸಮಾಧಾನ ಹೇಳಲು ಬಂದಿದ್ದರಂತೆ.

ದಿನಚರಿ ಸರಳ. ಬೆಳಿಗ್ಗೆ 6:30ಕ್ಕೆ ಏಳುವುದು, ರಾತ್ರಿ 10:30ಕ್ಕೆ ದೀಪ ಆರಿಸುವುದು. ನಡುವೆ ಓದು, ಭಾಷೆ, ಬಿಸಿಲು, ಟ್ರೈಸಿಕಲ್, ಬಾಗಿಲುಗಳು. ಕಂಪಾನಿಯನ್ ಬಿಟ್ಟು ಒಬ್ಬಳೇ ಎಲ್ಲಿಗೂ ಹೋಗುವಂತಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ, ಹಾಗಾಗಿ ಸೂಟ್‌ಕೇಸನ್ನು ಪೂರ್ತಿ ಬಿಚ್ಚುವ ಅಭ್ಯಾಸವೇ ತಪ್ಪುತ್ತದೆ. ಸೋಮವಾರ ಬಟ್ಟೆ ಒಗೆಯುವ ದಿನ, ಮನೆಗೆ ಫೋನ್ ಮಾಡುವ ದಿನ. 2019ಕ್ಕೆ ಮುಂಚೆ ಹೋದವರಿಗೆ ವರ್ಷಕ್ಕೆ ಎರಡೇ ಸಲ ಫೋನ್, ಕ್ರಿಸ್ಮಸ್‌ಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಅವರೆಲ್ಲ ಹೇಗೆ ತಡೆದುಕೊಂಡರೋ. ನಾನು ವಾರಕ್ಕೊಮ್ಮೆ ಮಾತಾಡಿಯೂ ಮಂಗಳವಾರ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅಳುತ್ತಿದ್ದೆ. ಅಲ್ಲೂ ಬಕೆಟ್ ಮತ್ತು ಚೊಂಬೇ. ಚೊಂಬಿಗೆ ತಾಬೊ ಅನ್ನುತ್ತಾರೆ.

ಭಾಷೆ ಹಿಲಿಗೈನೊನ್. ಬೈದರೂ ಲಾಲಿ ಹಾಡಿದ ಹಾಗೆ ಕೇಳಿಸುತ್ತದೆ. ಅದರಲ್ಲಿ ಸುವಾರ್ತೆಗೆ ಮಾಯೊಂಗ್ ಬಾಲಿತಾ ಅನ್ನುತ್ತಾರೆ. ಮಾಯೊಂಗ್ ಅಂದರೆ ಒಳ್ಳೆಯದು, ಬಾಲಿತಾ ಅಂದರೆ ಸುದ್ದಿ. ಬಾಲಿತಾ ಬಂದಿದ್ದು ನಮ್ಮ 'ವಾರ್ತೆ'ಯಿಂದಲೇ ಅಂತ ಗೊತ್ತಾದ ದಿನ ಒಬ್ಬಳೇ ನಕ್ಕಿದ್ದೆ. ಸಾವಿರಾರು ಮೈಲಿ ದಾಟಿ ಬಂದು ನಾನು ಅವರಿಗೆ ಮಾರುತ್ತಿದ್ದದ್ದು ನಮ್ಮ ಕಡೆಯಿಂದ ಯಾವತ್ತೋ ಹೋದ ಶಬ್ದವನ್ನು.

ಆಗ ಕಿಟೆಲ್ ನೆನಪಾಗುತ್ತಿದ್ದರು. ಅಜ್ಜಿಯ ಕಡೆಯವರು ಬಾಸೆಲ್ ಮಿಷನ್ ಕಾಲದ ಕ್ರೈಸ್ತರು, ಆ ಹೆಸರು ಮನೆಯಲ್ಲಿ ಓಡಾಡುತ್ತಲೇ ಇತ್ತು. ನನ್ನ ಮಟ್ಟಿಗೆ ಅವರು ಎಂ.ಜಿ. ರಸ್ತೆಯ ಪ್ರತಿಮೆಯ ಗಡ್ಡದ ಅಜ್ಜ. ಆದರೆ 1853ರಲ್ಲಿ ನಮ್ಮ ಕಡೆ ಬಂದಾಗ ಅವರಿಗೆ 21 ವರ್ಷ. ಇಲೊಯ್ಲೊಗೆ ಇಳಿದಾಗ ನನಗೂ ಅಷ್ಟೇ. ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅಷ್ಟು ವರ್ಷ ಅವರಿಗೆ ಒಂದೊಂದೇ ಶಬ್ದ ಹೇಳಿಕೊಟ್ಟವರು ಯಾರು? ಜ್ವರ ಬಂದಾಗ ಗಂಜಿ ಕೊಟ್ಟವರು ಯಾರು? ಅವರಿಗೆ ಯಾರೂ ಪ್ರತಿಮೆ ನಿಲ್ಲಿಸಲಿಲ್ಲ. ಈ ಬರಹದಲ್ಲಿ ನಾನು ಹೇಳಬೇಕಾದ ವ್ಯಕ್ತಿ ಆ ಸಾಲಿಗೆ ಸೇರಿದವರು.

ಹಾರೊ ಅನ್ನುವ ಭಾಗದಲ್ಲಿ ನಮ್ಮ ಬಾಡಿಗೆ ರೂಮಿನ ಎದುರಿಗೆ ಅವರ ಗೂಡಂಗಡಿ. ಅಲ್ಲಿ ಅದಕ್ಕೆ ಸಾರಿ-ಸಾರಿ ಅಂತ ಹೆಸರು. ಕಬ್ಬಿಣದ ಜಾಲರಿ, ಜಾಲರಿಗೆ ನೇತುಹಾಕಿದ ಶಾಂಪೂ, ಕಾಫಿ ಸ್ಯಾಶೆ, ಒಳಗೆ ಕ್ಯಾಂಡಲ್ ಹಿಡಿದ ಮಾತೆಯ ಪಟ. ಹಾರೊದ ಕಥೀಡ್ರಲ್‌ನ ಕಾಂದೆಲಾರಿಯಾ ಮಾತೆಗೆ ಫೆಬ್ರವರಿ 2ರಂದು ದೊಡ್ಡ ಹಬ್ಬ. ಅವರಿಗೆ ವರ್ಷವಿಡೀ ಅದರದ್ದೇ ಧ್ಯಾನ. ವಯಸ್ಸು ಅರವತ್ತರ ಮೇಲೆ. ಎಲ್ಲರೂ ನನಾಯ್ ಅನ್ನುತ್ತಿದ್ದರು, ಅಂದರೆ ಅಮ್ಮ. ನಾನೂ ಹಾಗೇ ಕರೆದೆ.

ಮೊದಲ ದಿನವೇ ಕೈ ಅಡ್ಡ ಹಿಡಿದು ಹೇಳಿದ್ದರು. "ಊಟಕ್ಕೆ ಬನ್ನಿ. ಪಾಠ ಬೇಡ." ನಮ್ಮ ಫೋನಿನಲ್ಲಿ ಏರಿಯಾ ಬುಕ್ ಅಂತ ಒಂದು ಆ್ಯಪ್. ಯಾರಿಗೆ ಪಾಠ ಹೇಳಿದೆವು, ಯಾರು ಭಾನುವಾರ ಬಂದರು, ಯಾರು ದೀಕ್ಷಾಸ್ನಾನಕ್ಕೆ ದಿನ ಗೊತ್ತು ಮಾಡಿದರು, ಎಲ್ಲ ಅದರಲ್ಲಿ. ಅವರ ಮನೆಯ ಗುರುತಿನ ಮುಂದೆ ನಾನೇ ಕೈಯಾರೆ 'ಆಸಕ್ತಿ ಇಲ್ಲ' ಅಂತ ಹಾಕಿದೆ. ನನ್ನ ಯಾವ ವಾರದ ಲೆಕ್ಕದಲ್ಲೂ ಅವರು ಬರಲಿಲ್ಲ. ನನ್ನ ದಿನಗಳಲ್ಲಿ ಮಾತ್ರ ದಿನಾ ಬಂದರು.

ಕಾಫಿ ವಿಷಯಕ್ಕೆ ತುಂಬ ತಮಾಷೆ ಮಾಡುತ್ತಿದ್ದರು. 1833ರಲ್ಲಿ ಬಂದ ಒಂದು ಉಪದೇಶದ ಪ್ರಕಾರ ನಮ್ಮಲ್ಲಿ ಕಾಫಿ, ಟೀ, ಹೆಂಡ, ತಂಬಾಕು ಇಲ್ಲ. "ಕಾಫಿ ಕುಡಿಯದ ಭಾರತೀಯಳು, ಹಂದಿ ತಿನ್ನದ ಕ್ರೈಸ್ತಳು, ಮದುವೆ ಬೇಡ ಅನ್ನುವ ಹುಡುಗಿ" ಅಂತ ಗಿರಾಕಿಗಳಿಗೆ ನನ್ನ ಪರಿಚಯ. ಹಂದಿ ತಿನ್ನದಿರುವುದು ಧರ್ಮದಿಂದಲ್ಲ, ಸುಮ್ನೆ ರುಚಿಸುವುದಿಲ್ಲ ಅಷ್ಟೇ, ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ನನಗಾಗಿ ಹಂದಿ ಬಿಟ್ಟು ಕೋಳಿ ಹಾಕಿ ಕಾದ್ಯೋಸ್ ಮಾಡುತ್ತಿದ್ದರು. ಕಾದ್ಯೋಸ್ ಅಂದರೆ ನಮ್ಮ ತೊಗರಿಯೇ, ಅಲ್ಲಿ ಕಪ್ಪು ಕಾಳು. ಜೊತೆಗೆ ಎಳೆ ಹಲಸಿನಕಾಯಿ. ಹುಳಿಗೆ ಬತ್ವಾನ್ ಅಂತ ಒಂದು ಕಾಯಿ. ಮೊದಲ ತುತ್ತಿಗೇ ಅಜ್ಜಿ ಮನೆ ನೆನಪಾಗಿ ಚಮಚ ಕೆಳಗಿಟ್ಟೆ. ಆಮೇಲೆ ತಿಳಿಯಿತು, ಬತ್ವಾನ್ ನಮ್ಮ ಪುನರ್ಪುಳಿಯ ದಾಯಾದಿ, ಒಂದೇ ಕುಲದ ಮರ.

ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು. ಡೆಂಗಿ, ಪ್ಲೇಟ್‌ಲೆಟ್, ಯಾವ ದಿನ ಎಷ್ಟು ಇತ್ತು, ಎಲ್ಲವನ್ನೂ ಅಮ್ಮ ಇಡೀ ಬಡಾವಣೆಗೆ ಹೇಳಿ ಮುಗಿಸಿದ್ದಾಳೆ. ನಾನು ಎರಡನೇ ರಾತ್ರಿಯದ್ದು ಮಾತ್ರ ಹೇಳುತ್ತೇನೆ.

ಆಗಿನ ನನ್ನ ಕಂಪಾನಿಯನ್ ಟೋಂಗಾದ ಹುಡುಗಿ, 19 ವರ್ಷ, ಬಂದು ಒಂಬತ್ತು ದಿನ. ಭಾಷೆ ಬಾರದು. ನರ್ಸ್ ಏನು ಹೇಳಿದರೂ "ಸಲಾಮತ್" ಅಂತ ಥ್ಯಾಂಕ್ಸ್ ಹೇಳಿ ನಿಲ್ಲುತ್ತಿದ್ದಳು, ಪಾಪ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಬಂತಾಯ್ ಇರಬೇಕು, ಅಂದರೆ ಕಾವಲಿಗೆ ಕೂರುವವರು. ಔಷಧಿ ತರುವುದು, ಮೈ ಒರೆಸುವುದು, ಡ್ರಿಪ್ ಮುಗಿದರೆ ಓಡಿ ಕರೆಯುವುದು, ಎಲ್ಲ ಬಂತಾಯ್ ಕೆಲಸ. ಒಬ್ಬರಿಗಷ್ಟೇ ಪಾಸು. ಸಂಜೆ ನನಾಯ್ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೆ ಟವೆಲು, ತಾಬೊ, ಫ್ಲಾಸ್ಕು, ನೆಲದ ಮೇಲೆ ಹಾಸಲು ಅಂಗಡಿಯ ರಟ್ಟಿನ ಡಬ್ಬ. ಗಾರ್ಡ್ ತಡೆದ. "ನಾನು ತಾಯಿ" ಅಂದರು. ಅವನು ಅವರನ್ನೊಮ್ಮೆ, ಗಾಜಿನಾಚೆ ಮಲಗಿದ್ದ ನನ್ನನ್ನೊಮ್ಮೆ ನೋಡಿ ನಕ್ಕನಂತೆ. ಆದರೂ ಬಿಟ್ಟ.

ಇಲ್ಲಿಂದ ಮುಂದೆ ನಾನು ನನಾಯ್‌ಗೆ ಬಹುವಚನ ಬಿಡುತ್ತೇನೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಬಹುವಚನ ಹಾಕುವ ರೂಢಿ ಇಲ್ಲ.

ಜ್ವರ ಇಳಿದಿತ್ತು. ಇಳಿದ ಮೇಲೇ ಜಾಸ್ತಿ ಹುಷಾರಾಗಿರಬೇಕು ಅಂತ ಡಾಕ್ಟರ್ ಹೇಳಿ ಹೋಗಿದ್ದರು. ಕೈಕಾಲು ತಣ್ಣಗೆ. ಹೊಟ್ಟೆಯೊಳಗೆ ಯಾರೋ ಹಿಂಡಿದ ಹಾಗೆ. ಹೊರಗೆ ಮಳೆ, ನಡುರಾತ್ರಿ ಕರೆಂಟ್ ಹೋಗಿ ಜನರೇಟರ್ ಗುರ್ರೆನ್ನುತ್ತಿತ್ತು. ಆ ರಾತ್ರಿ ನಾನು ಪ್ರಾರ್ಥನೆ ಮಾಡಲಿಲ್ಲ. ಆಗಲಿಲ್ಲ ಅಂತಲ್ಲ. ಮನಸ್ಸಿರಲಿಲ್ಲ. ಒಂದು ವರ್ಷ ಮನೆಮನೆಗೆ ಹೋಗಿ, ದೇವರು ನಿಮ್ಮನ್ನು ಕೇಳಿಸಿಕೊಳ್ಳುತ್ತಾನೆ ಅಂತ ಹೇಳಿದ ಬಾಯಿ ಇದು. ಅದೇ ಬಾಯಲ್ಲಿ ಬೈದೆ. ಕನ್ನಡದಲ್ಲಿ ಬೈದೆ. ಯಾಕೆ ಬಂದೆ ನಾನು ಇಲ್ಲಿಗೆ, ಯಾರು ಕರೆದಿದ್ದರು ನನ್ನನ್ನು, ಇಲ್ಲೇ ಸತ್ತರೆ ಅಮ್ಮನಿಗೆ ಯಾರು ಹೇಳುತ್ತೀರಿ, ನನ್ನನ್ನು ಮನೆಗೆ ಕಳಿಸಿ, ಕಳಿಸಿ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನನಾಯ್ ನನ್ನ ಅಂಗಾಲು ತಿಕ್ಕುತ್ತ ಎಲ್ಲದಕ್ಕೂ "ಹುವೊ, ಹುವೊ" ಅಂದಳು. ಅವರ ಭಾಷೆಯಲ್ಲಿ ಹೌದು ಅಂತ. ಒಂದು ಶಬ್ದವೂ ಅರ್ಥವಾಗದೆ, ಒಂದೂ ಬಿಡದೆ ಹೂಂಗುಟ್ಟಿದಳು. ನಾನು ಸುಸ್ತಾಗಿ ಸುಮ್ಮನಾದ ಮೇಲೆ ಜಪಮಾಲೆ ತೆಗೆದಳು. ನಮ್ಮ ಸಭೆಯಲ್ಲಿ ಜಪಮಾಲೆ ಇಲ್ಲ. ಮಾತೆಗೆ ಪ್ರಾರ್ಥನೆಯೂ ಇಲ್ಲ. ಆದರೆ ಆ ರಾತ್ರಿ ನನಗೆ ಹಿಡಿದುಕೊಳ್ಳಲು ಇದ್ದದ್ದು ಮಣಿಗೆ ಮಣಿ ತಾಗುವ ಆ ಸದ್ದು ಒಂದೇ. ಎಣಿಸಿದೆ. ಹತ್ತಾದ ಮೇಲೆ ಒಂದು ಬಿಡುವು, ಮತ್ತೆ ಹತ್ತು. ಕೆಳಗೆ ರಟ್ಟಿನ ಮೇಲೆ ಟೋಂಗಾದ ಹುಡುಗಿ ನನ್ನ ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ನಾಲ್ಕು ಗಂಟೆ ಹೊತ್ತಿಗೆ ನರ್ಸ್ ಬಿಪಿ ನೋಡಿ ಮೊದಲ ಸಲ ತಲೆಯಾಡಿಸಿದಳು. ನನಾಯ್ ಮಾಲೆ ನಿಲ್ಲಿಸಲಿಲ್ಲ, ಸುತ್ತು ಮುಗಿಸಿಯೇ ಜೇಬಿಗೆ ಹಾಕಿದಳು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವವಳಲ್ಲ.

ಬೆಳಿಗ್ಗೆ ಅಮ್ಮ ವಿಡಿಯೋ ಕಾಲ್‌ನಲ್ಲಿ ಪಪ್ಪಾಯ ಎಲೆ ರಸ ಕೊಡಿ ಅಂತ ಗಲಾಟೆ. ನನಾಯ್ ಚೀಲದಿಂದ ತವಾ-ತವಾ ಅನ್ನುವ ಗಿಡದ ಕಷಾಯ ತೆಗೆದಳು. ನಮ್ಮಲ್ಲೂ ರಸ್ತೆ ಬದಿ ಬೆಳೆಯುತ್ತದೆ, ಮುರಿದರೆ ಹಾಲು ಬರುವ ಪುಟ್ಟ ಗಿಡ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ನನ್ನ ತಲೆ ಮೇಲೆ ವಾದ ಮಾಡಿದರು. ಡಾಕ್ಟರ್ ಬಂದು ಎರಡೂ ಬೇಡ ಅಂದಾಗ ಇಬ್ಬರಿಗೂ ಒಂದೇ ಮುಖಭಾವ.

ಮೂರು ದಿನ ಅಂಗಡಿ ಮುಚ್ಚಿತ್ತು ಅಂತ ನನಗೆ ತಿಳಿದದ್ದು ಒಂದು ತಿಂಗಳ ಮೇಲೆ, ಅದೂ ಸಾಲದ ಪುಸ್ತಕ ತಿರುವುತ್ತಿದ್ದಾಗ ಮೂರು ದಿನ ಖಾಲಿ ಕಂಡು. ಕೇಳಿದ್ದಕ್ಕೆ, "ಆ ದಿನ ಮಳೆ, ಯಾರೂ ಬರುತ್ತಿರಲಿಲ್ಲ" ಅಂದಳು. ಮಳೆ ಬಂದಿದ್ದು ಒಂದು ದಿನ.

ಮತಾಂತರ ಮಾಡಲು ಹೋದವಳು ತಾನೇ ನೀನು, ಅಂತ ಕಾಲೇಜಿನ ಗೆಳತಿಯೊಬ್ಬಳು ನೇರವಾಗಿ ಕೇಳಿದಳು. ಹೌದು, ಕರೆಯಲು ಹೋಗಿದ್ದೆ. ಕೆಲವರು ಬಂದರು, ಅವರ ಖುಷಿ ನಾನು ಕಣ್ಣಾರೆ ನೋಡಿದ್ದೇನೆ, ಅದನ್ನು ಚಿಕ್ಕದು ಮಾಡುವುದಿಲ್ಲ. ನಂಬಿಕೆಯೂ ನನ್ನ ಜೊತೆಗೇ ವಾಪಸ್ ಬಂದಿದೆ, ಸ್ವಲ್ಪ ಕಡಿಮೆ ಮಾತಾಡುತ್ತದೆ ಅಷ್ಟೇ. ಆದರೆ ಬೇಡ ಅಂದವರ ಮನೆಯ ಅನ್ನ ಉಂಡು ಬಂದವಳು ನಾನು. ಆ ಪ್ರಶ್ನೆ ಕೇಳಿದ್ದಕ್ಕೆ ಅವಳಿಗೂ ಒಂದು ಥ್ಯಾಂಕ್ಸ್. ಉತ್ತರ ಇನ್ನೂ ಪೂರ್ತಿ ಬಂದಿಲ್ಲ ಕಣೇ.

ಹೊರಡುವ ದಿನ ಅಜ್ಜಿಯ ಪಾರ್ಸೆಲ್‌ನಲ್ಲಿ ಉಳಿದಿದ್ದ ಪುನರ್ಪುಳಿ ಸಿಪ್ಪೆಯನ್ನು ನನಾಯ್ ಕೈಗಿಟ್ಟೆ. ಮೂಸಿ ನೋಡಿ ಮಾತೆಯ ಪಟದ ಪಕ್ಕ ಇಟ್ಟಳು. ಇಲ್ಲಿಗೆ ಬಂದ ದಿನವೇ ಎದೆಯ ಪಟ್ಟಿ ಬಿಚ್ಚಿಡಬೇಕಿತ್ತು. ಬಿಚ್ಚಿದ ಮೇಲೂ ಎರಡು ದಿನ ಕೈ ಅಲ್ಲಿಗೇ ಹೋಗುತ್ತಿತ್ತು. ಸೋಮವಾರ ಬಂತು. ಫೋನ್ ಮಾಡಬೇಕಾದ ಮನೆಯೊಳಗೇ ಕೂತಿದ್ದೇನೆ, ಏನು ಮಾಡಲಿ? ಹಾರೊಗೆ ಫೋನ್ ಮಾಡಿದೆ. ಅಜ್ಜಿಯೂ ಪಕ್ಕದಲ್ಲಿದ್ದಳು.

ನನಾಯ್ ಮೊದಲು ಕೇಳಿದ್ದು ಊಟ ಆಯ್ತಾ ಅಂತ. ಆಮೇಲೆ ಪಾತ್ರೆಯನ್ನು ಕ್ಯಾಮೆರಾ ಹತ್ತಿರ ಹಿಡಿದಳು. ಕಾದ್ಯೋಸ್, ಹಲಸು, ಕೋಳಿ, ಮೇಲೆ ತೇಲುವ ಕೆಂಪು ಪುನರ್ಪುಳಿ ಸಿಪ್ಪೆ. ಹೇಗಿದೆ ಅಂದೆ.

"ರುಚಿಯಾಗಿದೆ," ಅಂದಳು. "ಆದರೆ ಬತ್ವಾನ್ ಅಲ್ಲ."

ಕನ್ನಡದಲ್ಲಿ ಹೇಳಿದೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಸ್ಕ್ರೀನಿಗೆ ಹತ್ತಿರ ಬಂದು ನೋಡಿದಳು. "ಅಷ್ಟೊಂದು ಹಾಕಿದರೆ ಮತ್ತೇನು, ಅವಳಿಗೆ ಹೇಳು, ನಾಲ್ಕೇ ಸಿಪ್ಪೆ ಸಾಕು."